ಗಾಳಿ ಜಾಸ್ತಿಯಾದರೂ ಮೀನು ಸಾಯುತ್ತದೆ: ಅಣೆಕಟ್ಟೆಯ ಕೆಳಗಿನ ನೀರಿನ ಲೆಕ್ಕ

ಕೆಆರ್‌ಎಸ್ ತುಂಬಿ ಗೇಟ್ ತೆಗೆದರು ಅಂದ ಕೂಡಲೇ ನಾವೆಲ್ಲ ಮೊಬೈಲ್ ಹಿಡಿದು ಓಡ್ತೀವಿ. ಧುಮ್ಮಿಕ್ಕುವ ನೀರು, ಹಾಲಿನಂಥ ನೊರೆ, ಒಂದು ರೀಲ್. ಆ ನೊರೆ ಅಂದರೆ ನೀರಿನೊಳಗೆ ಸಿಕ್ಕಿಬಿದ್ದ ಗಾಳಿ. ಅದು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಸ್ಪಿಲ್‌ವೇ ಲೆಕ್ಕಗಳನ್ನು ಮಾಡಿದ್ದೆ, ಮಾರ್ಕ್ಸೂ ಬಂದಿತ್ತು. ಆ ಲೆಕ್ಕದಲ್ಲಿ ಮೀನು ಇರಲಿಲ್ಲ ಅಷ್ಟೇ.

ಏನಾಗುತ್ತದೆ?

ಎತ್ತರದಿಂದ ಬೀಳುವ ನೀರಿಗೆ ನದಿಯ ತಳವನ್ನೇ ಕೊರೆಯುವಷ್ಟು ಶಕ್ತಿ ಇರುತ್ತದೆ. ಆ ಶಕ್ತಿಯನ್ನು ಮುರಿಯಲೆಂದೇ ಅಣೆಕಟ್ಟೆಯ ಬುಡದಲ್ಲಿ ಆಳವಾದ ಕಾಂಕ್ರೀಟ್ ತೊಟ್ಟಿ ಕಟ್ಟುತ್ತಾರೆ. ನೀರು ಅದರೊಳಗೆ ಬಿದ್ದು, ಮಗುಚಿ, ಸುಸ್ತಾಗಿ ಹೊರಬರಬೇಕು. ಎಂಜಿನಿಯರ್ ದೃಷ್ಟಿಯಲ್ಲಿ ಸೊಗಸಾದ ಉಪಾಯ. ಆದರೆ ನೀರು ಒಂಟಿಯಾಗಿ ಬೀಳುವುದಿಲ್ಲ, ಗಾಳಿಯ ಗುಳ್ಳೆಗಳನ್ನೂ ತಳಕ್ಕೆ ಎಳೆದೊಯ್ಯುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹೆಚ್ಚು ಕರಗುತ್ತದೆ, ಪಿಯುಸಿಯಲ್ಲಿ ಓದಿದ ಹೆನ್ರಿ ನಿಯಮ ಇದೇ. ಹೀಗೆ ಗಾಳಿ ತುಂಬಿಕೊಂಡ ನೀರು ತೊಟ್ಟಿ ದಾಟಿ ಮೇಲೆ ಬಂದಾಗ ಒತ್ತಡ ಇಳಿದಿರುತ್ತದೆ, ಅನಿಲ ಮಾತ್ರ ಇನ್ನೂ ಒಳಗೇ ಇರುತ್ತದೆ. ಮುಚ್ಚಳ ತೆಗೆದ ಸೋಡಾ ಬಾಟಲಿಯ ಸ್ಥಿತಿ.

ನೀರಿನ ಮೇಲ್ಮೈ ಸಹಜವಾಗಿ ಹಿಡಿದಿಟ್ಟುಕೊಳ್ಳುವ ಅನಿಲವನ್ನು ಶೇ 100 ಎಂದುಕೊಂಡರೆ, ಈ ನೀರಿನಲ್ಲಿ ಅದು ಶೇ 120 ಅಥವಾ 130 ಆಗಬಹುದು. ಇದನ್ನೇ ಅತಿಪರ್ಯಾಪ್ತತೆ ಅನ್ನುವುದು. ಬಂಡೆಗಳ ನಡುವೆ ಹರಿಯುವ ತೆಳು ನದಿಯಾದರೆ ಹೆಚ್ಚುವರಿ ಅನಿಲ ಬೇಗ ಹೊರಹೋಗುತ್ತದೆ. ಕೆಳಗೆ ಇನ್ನೊಂದು ಅಣೆಕಟ್ಟೆಯ ನಿಂತ ಹಿನ್ನೀರು ಇದ್ದರೆ ಕಿಲೋಮೀಟರ್‌ಗಟ್ಟಲೆ ಹಾಗೇ ಉಳಿಯುತ್ತದೆ. ಆಮೇಲೆ ಆ ಅಣೆಕಟ್ಟೆಯೂ ತನ್ನ ಪಾಲು ಸೇರಿಸುತ್ತದೆ.

ಆಮ್ಲಜನಕ ಜಾಸ್ತಿಯಾದರೆ ಮೀನಿಗೆ ಒಳ್ಳೆಯದೇ ಅಲ್ವಾ?

ನನಗೂ ಮೊದಲು ಹಾಗೇ ಅನಿಸಿತ್ತು. ಗಾಳಿಯಲ್ಲಿ ಶೇ 78ರಷ್ಟು ಇರುವುದು ಸಾರಜನಕ. ಆಮ್ಲಜನಕವನ್ನು ಮೀನಿನ ದೇಹ ಬಳಸಿಕೊಳ್ಳುತ್ತದೆ, ಸಾರಜನಕವನ್ನು ಏನೂ ಮಾಡಲಾರದು. ಕಿವಿರಿನ ಮೂಲಕ ರಕ್ತಕ್ಕೆ ಸೇರಿದ ಹೆಚ್ಚುವರಿ ಅನಿಲ ಅಲ್ಲೇ ಗುಳ್ಳೆಗಟ್ಟುತ್ತದೆ. ಈಜುರೆಕ್ಕೆಯಲ್ಲಿ, ಚರ್ಮದಡಿ, ಕಣ್ಣಿನ ಹಿಂದೆ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ, ಕಣ್ಣು ಹೊರಗೆ ಉಬ್ಬಿ ಬರುವುದೂ ಉಂಟು. ಕಿವಿರಿನ ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡರೆ ಕಥೆ ಮುಗಿಯಿತು: ಸುತ್ತ ಆಮ್ಲಜನಕ ತುಂಬಿ ತುಳುಕುತ್ತಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ಆಳಸಮುದ್ರದಿಂದ ಅವಸರದಲ್ಲಿ ಮೇಲೆ ಬಂದ ಡೈವರ್‌ಗಳಿಗೆ ಆಗುವ ತೊಂದರೆಗೆ ಇದು ಹತ್ತಿರದ ಸಂಬಂಧಿ.

ಮೀನಿಗೆ ಒಂದು ದಾರಿ ಇದೆ, ಆಳಕ್ಕೆ ಇಳಿಯುವುದು. ಪ್ರತಿ ಮೀಟರ್ ಆಳ ಸುಮಾರು ಶೇ 10ರಷ್ಟು ಹೆಚ್ಚುವರಿಯನ್ನು ಸರಿದೂಗಿಸುತ್ತದೆ. ಶೇ 120ರ ನೀರಿನಲ್ಲಿ ಎರಡು ಮೀಟರ್ ಕೆಳಗಿರುವ ಮೀನು ಬಹುತೇಕ ಸುರಕ್ಷಿತ. ಆಳವೇ ಇಲ್ಲದ ನದಿಯಲ್ಲಿ, ಅಥವಾ ಮೇಲ್ಮೈಯಲ್ಲೇ ತೇಲುವ ಮರಿಗಳಿಗೆ, ಈ ಆಯ್ಕೆ ಇಲ್ಲ. ತಕ್ಷಣ ಸಾಯದ ಮೀನು ಕೂಡ ಸರಿಯಾಗಿ ಈಜಲಾರದೆ ಬೇರೆ ಮೀನಿನ ಬಾಯಿಗೆ ಬೀಳುತ್ತದೆ. ಅಂಥ ಸಾವು ದಡದಲ್ಲಿ ತೇಲುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಸಿಗುವುದಿಲ್ಲ.

ಕೊಲಂಬಿಯಾದ ಪಾಠ

ಈ ಸಮಸ್ಯೆಯನ್ನು ಜಗತ್ತು ಗಂಭೀರವಾಗಿ ನೋಡಿದ್ದು ಅಮೆರಿಕದ ವಾಯವ್ಯ ಮೂಲೆಯ ಕೊಲಂಬಿಯಾ ನದಿಯಲ್ಲಿ. 1968ರಲ್ಲಿ ಜಾನ್ ಡೇ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸಿದಾಗ ಟರ್ಬೈನ್‌ಗಳು ಇನ್ನೂ ಸಿದ್ಧವಿರಲಿಲ್ಲ. ನದಿಯೆಲ್ಲ ಸ್ಪಿಲ್‌ವೇ ಮೇಲಿಂದಲೇ ಬಿತ್ತು. ಕೆಳಗೆ ಅಳೆದಾಗ ಅನಿಲ ಶೇ 123ರಿಂದ 143. ಸಾಲ್ಮನ್ ಮೀನುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಆಮೇಲೆ ಅಮೆರಿಕ ಶೇ 110ರ ಮಿತಿ ಹಾಕಿತು. ಬೀಳುವ ನೀರು ತಳಕ್ಕೆ ಧುಮುಕದೆ ಮೇಲ್ಮೈಯಲ್ಲೇ ಜಾರಿಹೋಗುವಂತೆ ಸ್ಪಿಲ್‌ವೇಗೆ ತುಟಿಯಂಥ ಕಾಂಕ್ರೀಟ್ ಅಂಚು ಕಟ್ಟಿದರು. ಹೆಸರೂ ಫ್ಲಿಪ್ ಲಿಪ್ ಅಂತಲೇ. ಸಮಸ್ಯೆ ಇಲ್ಲಿನದ್ದಷ್ಟೇ ಅಲ್ಲ. 1994ರಲ್ಲಿ ಪರಾನಾ ನದಿಯ ಯಸಿರೆಟಾ ಅಣೆಕಟ್ಟೆಯ ಕೆಳಗೆ ಮೀನುಗಳ ಸಾಮೂಹಿಕ ಸಾವಾಯಿತು.

ಈಗ ರಾಜಕೀಯಕ್ಕೆ ಬರೋಣ. ಸಮುದ್ರಕ್ಕೆ ಹೊರಟ ಸಾಲ್ಮನ್ ಮರಿ ಅಣೆಕಟ್ಟೆ ದಾಟಬೇಕಾದರೆ ಟರ್ಬೈನ್‌ಗಿಂತ ಸ್ಪಿಲ್‌ವೇ ವಾಸಿ. ಹಾಗಾಗಿ ಮೀನಿನ ಪರ ಇರುವವರೇ ಹೆಚ್ಚು ನೀರು ಮೇಲಿಂದ ಬಿಡಿ ಅಂತ ಕೋರ್ಟಿಗೆ ಹೋದರು, 2005 ಮತ್ತು 2017ರಲ್ಲಿ ಆದೇಶ ಪಡೆದರು. ಹೆಚ್ಚು ಬಿಟ್ಟರೆ ಹೆಚ್ಚು ಅನಿಲ. ಅದಕ್ಕಾಗಿ ವಾಷಿಂಗ್ಟನ್, ಒರೆಗಾನ್ ರಾಜ್ಯಗಳು ಅಣೆಕಟ್ಟೆಯ ಕೆಳಗಿನ ಮಿತಿಯನ್ನು ಶೇ 120ಕ್ಕೆ ಸಡಿಲಿಸಿದ್ದವು, 2020ರ ವಸಂತದ ಹೊತ್ತಿಗೆ 125ಕ್ಕೆ ಏರಿಸಿದವು. ಜೊತೆಗೆ ಮೀನು ಹಿಡಿದು ಗುಳ್ಳೆ ಪರೀಕ್ಷಿಸುವ ಷರತ್ತು ಇದೆ. ಮೇಲಿಂದ ಬಿಟ್ಟ ನೀರು ಕರೆಂಟ್ ಕೊಡುವುದಿಲ್ಲ, ಆದ್ದರಿಂದ ವಿದ್ಯುತ್ ಲಾಬಿಗೆ ಕೋಪ. 1855ರ ಒಪ್ಪಂದಗಳಲ್ಲಿ ಮೀನುಗಾರಿಕೆಯ ಹಕ್ಕು ಉಳಿಸಿಕೊಂಡ ಮೂಲನಿವಾಸಿಗಳಿಗೆ ಇದು ಬದುಕಿನ ಪ್ರಶ್ನೆ. ಅವರೊಂದಿಗೆ 2023ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರ ಮಾಡಿಕೊಂಡ ಒಪ್ಪಂದದಿಂದ 2025ರ ಜೂನ್‌ನಲ್ಲಿ ಟ್ರಂಪ್ ಹಿಂದೆ ಸರಿದರು. ಮಿತಿ 110 ಇರಬೇಕೋ 125 ಇರಬೇಕೋ ಅನ್ನುವುದು ಬರೀ ಜೀವಶಾಸ್ತ್ರದ ಪ್ರಶ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಮೀಟರ್ ಏನು ಕೇಳುತ್ತದೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಯೋಗ್ಯವಾದ ನೀರು ‘ಡಿ’ ವರ್ಗ. ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಕನಿಷ್ಠ ಇದೆ, ಗರಿಷ್ಠ ಇಲ್ಲ. ಕೊಳಚೆಯಿಂದ ಆಮ್ಲಜನಕ ಇಳಿಯುವ ನದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಮಾನದಂಡ ಅದು, ಅದಕ್ಕದು ಸರಿಯೇ. ಆದರೆ ಜಾನ್ ಡೇ ಕೆಳಗಿನ 1968ರ ನೀರನ್ನು ತಂದಿಟ್ಟರೂ ಆಮ್ಲಜನಕದ ಪರೀಕ್ಷೆಯಲ್ಲಿ ಅದು ಆರಾಮಾಗಿ ಪಾಸಾಗುತ್ತಿತ್ತು. ಒಟ್ಟು ಅನಿಲ ಅಳೆಯಲು ಬೇರೆಯೇ ಸಾಧನ ಬೇಕು: ನೀರಿನ ಅನಿಲ ತೆಳುಪೊರೆ ದಾಟಿ ಒಳಬರುತ್ತದೆ, ಅದರ ಒತ್ತಡವನ್ನು ಹೊರಗಿನ ವಾಯುಭಾರದೊಂದಿಗೆ ಹೋಲಿಸುತ್ತಾರೆ. ಕೊಲಂಬಿಯಾದ ಅಣೆಕಟ್ಟೆಗಳಲ್ಲಿ ಈ ಅಂಕಿ ಗಂಟೆಗಂಟೆಗೂ ದಾಖಲಾಗಿ ಎಲ್ಲರಿಗೂ ಕಾಣುವಂತೆ ಆನ್‌ಲೈನಿನಲ್ಲಿ ಇರುತ್ತದೆ. 2018ರಲ್ಲಿ ಐಯುಸಿಎನ್ ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿದ ಗೂನುಬೆನ್ನಿನ ಮಹಶೀರ್ ಬದುಕುವುದು ಕಾವೇರಿ ಕೊಳ್ಳದಲ್ಲಿ ಮಾತ್ರ. ಮುಂದಿನ ಮಳೆಗಾಲ ಗೇಟ್ ತೆಗೆದಾಗ ನಮಗೆ ಸಿಗುವ ಅಂಕಿಗಳು ಎಂದಿನಂತೆ ಎರಡೇ: ಎಷ್ಟು ಅಡಿ, ಎಷ್ಟು ಕ್ಯೂಸೆಕ್.