ಅಣಬೆ ಕೋಣೆಯ ಉಸಿರು: ಪಶ್ಚಿಮ ಬೆಂಗಳೂರಿನ ಮನೆಗಳಿಗೆ ಕಡಿಮೆ ಖರ್ಚಿನ ಇನ್‌ಲೈನ್ ಫ್ಯಾನ್ ಆರಿಸುವ ಕುರಿತು ಒಂದು ಟಿಪ್ಪಣಿ

ಈ ಟಿಪ್ಪಣಿಯ ಪ್ರಶ್ನೆ ಚಿಕ್ಕದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಅಥವಾ ಕೆಂಗೇರಿಯಲ್ಲಿ 30×40 ಅಡಿ ನಿವೇಶನದ ಮನೆ. ಅದರ ಮಹಡಿಯ ಮೇಲೊಂದು ಕೋಣೆ. ಅಲ್ಲಿ ಚಿಪ್ಪಣಬೆ ಬೆಳೆಯಲು ಹೊರಟವರು ಗಾಳಿಗಾಗಿ ಯಾವ ಫ್ಯಾನ್ ಕೊಳ್ಳಬೇಕು? ಅಣಬೆ ಬೀಜ ಮತ್ತು ತರಬೇತಿಗೆ ನಗರದ ವಾಯವ್ಯಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಉತ್ತರಕ್ಕೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಇದೆ. ಫ್ಯಾನಿನ ವಿಷಯ ಮಾತ್ರ ಹೆಚ್ಚಾಗಿ ಅಂಗಡಿಯ ಗಲ್ಲಾದ ಮುಂದೆಯೇ ತೀರ್ಮಾನವಾಗುತ್ತದೆ. ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಕೊಂಡ ಫ್ಯಾನ್ ಕೋಣೆಯಲ್ಲಿ ಆ ಅಂಕಿಯ ಅರ್ಧದಷ್ಟೂ ಗಾಳಿ ಕೊಡದೆ ಹೋಗಬಹುದು. ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಹಾಯಿಸಿ ಬೆಳೆಯನ್ನು ಒಣಗಿಸಬಹುದು. ಎರಡೂ ನಷ್ಟವೇ. ಲೆಕ್ಕ ಮೊದಲು, ಅಂಗಡಿ ಆಮೇಲೆ ಎಂಬುದು ಇಲ್ಲಿಯ ವಾದ.

ಇನ್‌ಲೈನ್ ಫ್ಯಾನ್ ಎಂದರೆ ಪೈಪಿನ ನಡುವೆ ಕೂರಿಸುವ ಫ್ಯಾನ್. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಗೋಡೆಯ ಕಿಂಡಿಯಲ್ಲಿ ಕೂರುತ್ತದೆ. ಇದು ಕೊಳವೆಯೊಳಗೆ ಕೂತು, ದೂರದಿಂದ ಗಾಳಿ ಎಳೆದು ಬೇಕಾದ ಕಡೆಗೆ ನೂಕುತ್ತದೆ.

1. ಬೆಳೆಗೆ ಬೇಕಾದ ಗಾಳಿ

ಕೆಂಗೇರಿ ದಾಟಿ ರಾಮನಗರದ ಕಡೆ ಹೋದರೆ ರೇಷ್ಮೆ ಬೆಳೆಗಾರರಿಗೆ ಹಂತಕ್ಕೆ ತಕ್ಕಂತೆ ಗಾಳಿ ಬದಲಿಸುವುದು ಹೊಸದಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗೆ, ಬೆಚ್ಚನೆಯ, ತೇವದ, ಮುಚ್ಚಿದ ಮನೆ ಬೇಕು. ಹುಳು ದೊಡ್ಡದಾದಂತೆ ಗಾಳಿ ಹರಿದಾಡಬೇಕು, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮೇಲಂತೂ ಗಾಳಿ ಕಟ್ಟಿಕೊಳ್ಳಲೇಬಾರದು. ಒಂದೇ ಜೀವಕ್ಕೆ ಎರಡು ಹಂತದಲ್ಲಿ ಎರಡು ಗಾಳಿ.

ಚಿಪ್ಪಣಬೆಯೂ ಹಾಗೆಯೇ. ಬೀಜ ಹಾಕಿದ ಭತ್ತದ ಹುಲ್ಲಿನ ಚೀಲದಲ್ಲಿ ಬಿಳಿ ಎಳೆ ಹಬ್ಬುವ ಮೊದಲ ಎರಡು ಮೂರು ವಾರ ಅದು ಇಂಗಾಲದ ಡೈಆಕ್ಸೈಡನ್ನು ಬಹಳಷ್ಟು ತಾಳಿಕೊಳ್ಳುತ್ತದೆ. ಆಗ ಫ್ಯಾನ್ ಬೇಕಾಗಿಲ್ಲ. ಮೊಗ್ಗು ಮೂಡುವ ಹೊತ್ತಿಗೆ ಸ್ಥಿತಿ ತಿರುಗಿಬೀಳುತ್ತದೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿ.ಪಿ.ಎಂ. ಇರುತ್ತದೆ. ಕೋಣೆಯಲ್ಲಿ ಅದು 1000 ದಾಟಿ ನಿಂತರೆ ಅಣಬೆಯ ಕಾಲು ಉದ್ದವಾಗಿ ಕೊಡೆ ಚಿಕ್ಕದಾಗುತ್ತದೆ. ಜತೆಗೆ ತೇವಾಂಶ ಶೇ 80ರಿಂದ 90ರಷ್ಟು ಇರಬೇಕು. ಫ್ಯಾನ್ ಆರಿಸುವುದರಲ್ಲಿರುವ ಕಷ್ಟವೆಲ್ಲ ಇಲ್ಲೇ ಇದೆ. ಕೆಟ್ಟ ಗಾಳಿ ಹೋಗಬೇಕು, ತೇವ ಉಳಿಯಬೇಕು.

2. ಐವತ್ತು ಚೀಲದ ಲೆಕ್ಕ

ಕೋಣೆ 10×10 ಅಡಿ, ಎತ್ತರ 9 ಅಡಿ ಎಂದಿಟ್ಟುಕೊಳ್ಳೋಣ. ಅದರೊಳಗಿನ ಗಾಳಿ ಸುಮಾರು 25 ಘನ ಮೀಟರ್. ಒಂದೊಂದರಲ್ಲಿ 1 ಕಿಲೋ ಒಣಹುಲ್ಲಿರುವ 50 ಚೀಲಗಳು. 45 ದಿನದ ಬೆಳೆಯಲ್ಲಿ ಪ್ರತಿ ಚೀಲದಲ್ಲೂ 200 ಗ್ರಾಂ ಒಣ ಪದಾರ್ಥ ಉಸಿರಾಟದಲ್ಲಿ ಕರಗುತ್ತದೆ ಎಂಬುದು ನಾನು ಹಿಡಿದಿರುವ ಊಹೆ. ಅದು ಸುಮಾರು 290 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬೆಳೆ ಜೋರಾಗಿರುವ ದಿನಗಳಲ್ಲಿ ಸರಾಸರಿಯ ಎರಡರಷ್ಟು ಎಂದರೆ, 50 ಚೀಲಗಳಿಂದ ಗಂಟೆಗೆ 27 ಗ್ರಾಂ, ಅಂದರೆ 16ರಿಂದ 17 ಲೀಟರ್ ಅನಿಲ.

ಇದನ್ನು 800 ಪಿ.ಪಿ.ಎಂ. ಒಳಗೆ ಹಿಡಿಯಲು ಗಂಟೆಗೆ 44 ಘನ ಮೀಟರ್ ಹೊಸ ಗಾಳಿ ಸಾಕು. ಚೀಲಗಳೆಲ್ಲ ಒಟ್ಟಿಗೆ ಫಲಕ್ಕೆ ಬಂದರೆ, ಕೋಣೆಯ ಮೂಲೆಗಳಲ್ಲಿ ಗಾಳಿ ನಿಂತರೆ ಎಂದು ದುಪ್ಪಟ್ಟು ಮಾಡಿದರೂ ಗಂಟೆಗೆ ಸುಮಾರು 100 ಘನ ಮೀಟರ್. ಅಂಗಡಿಯ ಭಾಷೆಯಲ್ಲಿ 60 ಸಿ.ಎಫ್.ಎಂ. (ನಿಮಿಷಕ್ಕೆ ಘನ ಅಡಿ). ಕೋಣೆಯ ಗಾಳಿ ಗಂಟೆಗೆ ನಾಲ್ಕು ಸಲ ಬದಲಾಗುವಷ್ಟು.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಫ್ಯಾನ್ ನಿಂತರೆ ಈ ಕೋಣೆಯಲ್ಲಿ ಅನಿಲ ಗಂಟೆಗೆ ಸುಮಾರು 650 ಪಿ.ಪಿ.ಎಂ.ನಂತೆ ಏರುತ್ತದೆ. ಕಾಲು ಗಂಟೆ ನಿಂತರೆ ತೊಂದರೆ ಇಲ್ಲ, ಅರ್ಧ ದಿನ ನಿಂತರೆ ಬೆಳೆ ಕೆಡುತ್ತದೆ. ಹಾಗಾಗಿ ಟೈಮರ್ ಹಾಕಿ 15 ನಿಮಿಷ ಓಡಿಸಿ 15 ನಿಮಿಷ ನಿಲ್ಲಿಸುವುದು ಸುರಕ್ಷಿತ.

3. ದಾರಿಯಲ್ಲಿರುವ ತಡೆ

ಡಬ್ಬದ ಮೇಲಿನ ಸಿ.ಎಫ್.ಎಂ. ಅಂಕಿ ಸಾಮಾನ್ಯವಾಗಿ ಪೈಪು, ಬಾಗು, ಫಿಲ್ಟರ್ ಯಾವುದೂ ಇಲ್ಲದೆ ಬಯಲಲ್ಲಿ ಓಡಿಸಿದಾಗಿನದು. ನಮ್ಮ ಕೋಣೆಯಲ್ಲಿ ಈ ಮೂರೂ ಇರುತ್ತವೆ. 100 ಮಿ.ಮೀ. ಪೈಪಿನಲ್ಲಿ ಗಂಟೆಗೆ 100 ಘನ ಮೀಟರ್ ಗಾಳಿ ಹರಿದರೆ ವೇಗ ಸೆಕೆಂಡಿಗೆ 3.5 ಮೀಟರ್. 3 ಮೀಟರ್ ನುಣುಪಾದ ಪೈಪು, ಎರಡು ಬಾಗು, ಹೊರಬಾಯಿ ಸೇರಿ ತಡೆ 20ರಿಂದ 25 ಪಾಸ್ಕಲ್. ಫಿಲ್ಟರಿನ ತಡೆ ಅದಕ್ಕಿಂತ ದೊಡ್ಡದು. ಹೊಸದಾಗಿದ್ದಾಗ ಕೆಲವು ಹತ್ತು ಪಾಸ್ಕಲ್ ಇದ್ದದ್ದು ಧೂಳು ಕೂತಂತೆ ಏರುತ್ತಲೇ ಹೋಗುತ್ತದೆ. ಒಟ್ಟು 100 ಪಾಸ್ಕಲ್ ಎಂದು ಹಿಡಿಯುವುದು ಜಾಣತನ. ಹಳೆಯ ಕ್ಯಾಟಲಾಗಿನ ಅಳತೆಯಲ್ಲಿ ಅದು 10 ಮಿ.ಮೀ. ನೀರಿನ ಒತ್ತಡ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಸಿ.ಎಫ್.ಎಂ.?" ಎಂಬುದಲ್ಲ. "100 ಪಾಸ್ಕಲ್ ತಡೆಯಲ್ಲಿ ಗಂಟೆಗೆ 100 ಘನ ಮೀಟರ್ ಕೊಡುತ್ತದೆಯೇ?" ಎಂಬುದು. ನೂರಕ್ಕೆ ನೂರು ಎಂದು ನೆನಪಿಟ್ಟುಕೊಂಡರೆ ಸಾಕು. ಒತ್ತಡ ಮತ್ತು ಗಾಳಿಯ ಸಂಬಂಧ ತೋರಿಸುವ ಗೆರೆಚಿತ್ರ ಕೊಡದ ಫ್ಯಾನ್ ಎಷ್ಟೇ ಅಗ್ಗವಿದ್ದರೂ ಕೊಳ್ಳಬಾರದು.

ತಡೆಯನ್ನು ಕಡಿಮೆ ಮಾಡುವುದು ಫ್ಯಾನನ್ನು ದೊಡ್ಡದು ಮಾಡುವುದಕ್ಕಿಂತ ಅಗ್ಗ. ಅಷ್ಟೇ ಗಾಳಿಗೆ ಪೈಪಿನ ವ್ಯಾಸ ಒಂದೂವರೆ ಪಟ್ಟಾದರೆ ಉಜ್ಜುವಿಕೆಯ ತಡೆ ಸುಮಾರು ಏಳೂವರೆ ಪಟ್ಟು ಇಳಿಯುತ್ತದೆ. ಫಿಲ್ಟರ್ ಬಟ್ಟೆ ಎರಡರಷ್ಟು ಅಗಲವಾದರೆ ಅದರ ತಡೆ ಅರ್ಧಕ್ಕಿಂತ ಹೆಚ್ಚಾಗುವುದಿಲ್ಲ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪಿಗಿಂತ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ 110 ಮಿ.ಮೀ. ಪಿ.ವಿ.ಸಿ. ಪೈಪು ಮೇಲು. ಒಳಮೈ ನುಣುಪು, ತೊಳೆಯಬಹುದು, ತುಕ್ಕು ಹಿಡಿಯದು.

4. ಮೂರು ಬಗೆಯ ಫ್ಯಾನ್

ಮೊದಲನೆಯದು ಎಲೆಗಳಿರುವ ನೇರ ಫ್ಯಾನ್, ಅಂದರೆ ಆಕ್ಸಿಯಲ್. ಪೈಪಿನೊಳಗೆ ತೂರಿಸುವ ಅಗ್ಗದ ಬೂಸ್ಟರ್‌ಗಳೆಲ್ಲ ಈ ಜಾತಿಯವು. ಬಯಲಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಕೆಲವು ಹತ್ತು ಪಾಸ್ಕಲ್ ತಡೆ ಎದುರಾದರೆ ಕೈಚೆಲ್ಲುತ್ತದೆ. ಫಿಲ್ಟರ್ ಇರುವ ಕೋಣೆಗೆ ಇದು ಸಲ್ಲದು.

ಎರಡನೆಯದು ಸೆಂಟ್ರಿಫ್ಯೂಗಲ್. ಗಾಲಿಯ ನಡುವಿನಿಂದ ಗಾಳಿ ಹೀರಿ ಅಂಚಿಗೆ ಎಸೆಯುತ್ತದೆ. ಒತ್ತಡ ತಾಳುವುದರಲ್ಲಿ ಇದೇ ಮುಂದು, ಬೆಲೆ ಮತ್ತು ಗಾತ್ರವೂ ಮುಂದು. ಮೂರನೆಯದು ಎರಡರ ನಡುವಿನ ಮಿಕ್ಸ್‌ಡ್ ಫ್ಲೋ. 100 ಮಿ.ಮೀ. ಗಾತ್ರದ ಒಳ್ಳೆಯ ಮಿಕ್ಸ್‌ಡ್ ಫ್ಲೋ ಫ್ಯಾನ್ ಸುಮಾರು 30 ವ್ಯಾಟ್‌ನಲ್ಲೇ ನಮ್ಮ ನೂರಕ್ಕೆ ನೂರರ ಹತ್ತಿರ ಬರುತ್ತದೆ. 50 ಚೀಲದ ಕೋಣೆಗೆ ಇದು ತಕ್ಕದ್ದು. 100 ಚೀಲಕ್ಕೆ ಹೋಗುವವರು 150 ಮಿ.ಮೀ. ಫ್ಯಾನ್ ಕೊಂಡು ನಿಧಾನವಾಗಿ ಓಡಿಸಲಿ.

ನಿಧಾನಕ್ಕೆ ಒಂದು ಲಾಭವಿದೆ. ಗಾಳಿ ವೇಗದ ಜತೆ ನೇರವಾಗಿ ಇಳಿಯುತ್ತದೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ಶಕ್ತಿ ಘನದಂತೆ. ವೇಗ ಶೇ 80ಕ್ಕೆ ಇಳಿದರೆ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತದೆ. ಸಾಮಾನ್ಯ ಎ.ಸಿ. ಮೋಟರಿಗೆ ದೀಪದ ಡಿಮ್ಮರ್ ಹಾಕಿದರೆ ಈ ಲಾಭ ಪೂರ್ತಿ ದಕ್ಕುವುದಿಲ್ಲ, ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ತಯಾರಕರೇ ಎರಡು ಮೂರು ವೇಗ ಕೊಟ್ಟಿರುವ ಫ್ಯಾನ್ ಅಥವಾ ಎಲೆಕ್ಟ್ರಾನಿಕ್ ನಿಯಂತ್ರಣದ ಇ.ಸಿ. ಮೋಟರಿನ ಫ್ಯಾನ್ ಆರಿಸಬೇಕು.

5. ನೂಕುವುದೋ, ಎಳೆಯುವುದೋ

ಕೋಣೆಯಿಂದ ಗಾಳಿ ಎಳೆದು ಹೊರಗೆ ಹಾಕುವುದು ವಾಡಿಕೆ. ಅಣಬೆಗೆ ನಾನು ಅದನ್ನು ಒಪ್ಪುವುದಿಲ್ಲ. ಎಳೆದಾಗ ಬಾಗಿಲ ಸಂದಿ, ಕಿಟಕಿಯ ಬಿರುಕು ಎಲ್ಲೆಡೆಯಿಂದ ಸೋಸದ ಗಾಳಿ ನುಗ್ಗುತ್ತದೆ. ಅದರ ಜತೆ ಹಸಿರು ಬೂಷ್ಟಾದ ಟ್ರೈಕೋಡರ್ಮಾದ ಬೀಜಕಣಗಳೂ ಸಣ್ಣ ನೊಣಗಳೂ ಬರುತ್ತವೆ. ಹೊರಹೋಗುವ ಒದ್ದೆ ಗಾಳಿ ಮೋಟರಿನ ಮೂಲಕವೇ ಹಾಯುತ್ತದೆ, ಅಣಬೆಯ ಬೀಜಕಣ ಎಲೆಗಳಿಗೆ ಅಂಟುತ್ತದೆ. ಸೋಸಿದ ಗಾಳಿಯನ್ನು ಒಳಕ್ಕೆ ನೂಕಿದರೆ ಫ್ಯಾನ್ ಒಣ, ಸ್ವಚ್ಛ ಗಾಳಿಯಲ್ಲಿ ಬಾಳುತ್ತದೆ, ಸಂದಿಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ.

ಹೊರಬಾಯಿಗೆ ಸಣ್ಣ ಕಣ್ಣಿನ ಬಲೆ ಹಾಕಿ ತಾರಸಿಯ ಮೇಲಕ್ಕೆ ಒಯ್ಯಬೇಕು. ಬೀಜಕಣ ತುಂಬಿದ ಗಾಳಿಯನ್ನು ದಿನವೂ ಉಸಿರಾಡಿದರೆ ಕೆಲವರ ಶ್ವಾಸಕೋಶಕ್ಕೆ ಅಲರ್ಜಿಯ ಉರಿಯೂತ ಬರುತ್ತದೆ. ಕೊಯ್ಲಿನ ವೇಳೆ ಬೆಳೆಗಾರರು ಮಾಸ್ಕ್ ಹಾಕಿಕೊಳ್ಳಲೇಬೇಕು. ಪಕ್ಕದ ಮನೆಯ ಕಿಟಕಿ ನಾಲ್ಕಾರು ಅಡಿಯಲ್ಲೇ ಇರುವ ವಿಜಯನಗರದಂಥ ಕಡೆ ಆ ಗಾಳಿಯನ್ನು ಅವರತ್ತ ಬಿಡುವುದು ಅನ್ಯಾಯ.

ಒಳಬಾಯಿ ಎಲ್ಲಿಡಬೇಕೆಂಬುದನ್ನು ಬಡಾವಣೆ ನೋಡಿ ತೀರ್ಮಾನಿಸಬೇಕು. ಮೈಸೂರು ರಸ್ತೆಗೆ ಹತ್ತಿರದವರು ರಸ್ತೆಗೆ ಬೆನ್ನು ಮಾಡಿದ ಗೋಡೆ ಹಿಡಿಯಲಿ. ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ವೃಷಭಾವತಿಯ ಪಕ್ಕದಲ್ಲಿರುವವರು ನದಿಯ ಕಡೆಗೆ ಬಾಯಿ ತೆರೆಯದಿರಲಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ ಬೀಸುತ್ತದೆ. ಪಡುವಣಕ್ಕೆ ತೆರೆದ ಬಾಯಿಗೆ ಸಜ್ಜಾ ಇಲ್ಲದಿದ್ದರೆ ಮಳೆನೀರು ಫಿಲ್ಟರಿಗೇ ಬೀಳುತ್ತದೆ.

6. ಏಪ್ರಿಲ್ ಮತ್ತು ಆಗಸ್ಟ್

ದೊಡ್ಡ ಫ್ಯಾನ್ ಇದ್ದರೆ ಒಳ್ಳೆಯದೇ ಅಲ್ಲವೇ ಎಂಬ ವಾದಕ್ಕೆ ಬೆಂಗಳೂರಿನ ಹವೆಯೇ ಉತ್ತರ ಕೊಡುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ, ತೇವಾಂಶ ಶೇ 30 ಎಂದುಕೊಳ್ಳೋಣ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರಿದೆ. ಕೋಣೆಯೊಳಗೆ 26 ಡಿಗ್ರಿ, ಶೇ 85 ಇರಬೇಕಾದರೆ 20 ಗ್ರಾಂಗೂ ಹೆಚ್ಚು ಬೇಕು. ಗಂಟೆಗೆ 100 ಘನ ಮೀಟರ್ ಹಾಯಿಸಿದರೆ ಗಂಟೆಗೊಂದು ಲೀಟರಿನಷ್ಟು ನೀರನ್ನು ಗಾಳಿಯೇ ಹೊತ್ತೊಯ್ಯುತ್ತದೆ. ಆಗಸ್ಟಿನಲ್ಲಿ ಹೊರಗೆ 22 ಡಿಗ್ರಿ, ಶೇ 90 ಇದ್ದರೆ ಇದೇ ಫ್ಯಾನ್ ಒಯ್ಯುವುದು ಅದರ ಮೂರನೇ ಒಂದು ಭಾಗದಷ್ಟು. ಫ್ಯಾನ್ ಒಂದೇ, ನೀರಿನ ಲೆಕ್ಕ ಮಾತ್ರ ಸುಮಾರು ಮೂರು ಪಟ್ಟು ಬೇರೆ.

ಆದ್ದರಿಂದ ಬೇಸಿಗೆಯ ಹಗಲಿನಲ್ಲಿ ಕನಿಷ್ಠ ಗಾಳಿ, ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು ಗಾಳಿ. ಒಳಬಾಯಿಯ ಮುಂದೆ, ಫಿಲ್ಟರಿಗೆ ತಾಗದಂತೆ, ಒದ್ದೆ ಗೋಣಿ ಕಟ್ಟಿದರೆ ಗಾಳಿ ತಂಪಾಗಿಯೂ ತೇವವಾಗಿಯೂ ಬರುತ್ತದೆ. ಆ ಗೋಣಿಯನ್ನು ವಾರಕ್ಕೊಮ್ಮೆ ಕುದಿಸಿ ಒಣಗಿಸಬೇಕು. ಇಲ್ಲದಿದ್ದರೆ ಅದೇ ಬೂಷ್ಟಿನ ಮನೆಯಾಗುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿಯ ಮೇಲಿನ ಸೆಖೆ ತಾಳುವ ಹಾಲಣಬೆಗೆ ಬದಲಾಯಿಸುವುದು ಇನ್ನೂ ಸುಲಭ.

ದೀಪದಡಿ ಮೈಕ್ರೋಗ್ರೀನ್ಸ್ ಬೆಳೆಯುವವರ ಲೆಕ್ಕ ಬೇರೆ. ಅಲ್ಲಿ ಫ್ಯಾನ್ ಹೊರಹಾಕಬೇಕಾದ್ದು ದೀಪದ ಶಾಖ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 10 ಕಡಿಮೆ, ಶಾಖ ಹೊರುವ ಶಕ್ತಿಯೂ ಅಷ್ಟೇ ಕಡಿಮೆ. 300 ವ್ಯಾಟ್ ದೀಪದ ಕೋಣೆ ಹೊರಗಿಗಿಂತ 5 ಡಿಗ್ರಿಗೂ ಹೆಚ್ಚು ಬಿಸಿಯಾಗದಿರಲು ಗಂಟೆಗೆ 200 ಘನ ಮೀಟರ್ ಬೇಕು.

7. ಕರೆಂಟು, ಸದ್ದು, ಸುರಕ್ಷೆ

60 ವ್ಯಾಟ್ ಫ್ಯಾನ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 3000 ರೂಪಾಯಿಗೂ ಹೆಚ್ಚು. 30 ವ್ಯಾಟ್ ಫ್ಯಾನ್ ಟೈಮರಿನಲ್ಲಿ ಅರ್ಧ ಹೊತ್ತು ಓಡಿದರೆ ತಿಂಗಳಿಗೆ 11 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಪಡೆಯುವ ಮನೆಗಳಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕೊಳ್ಳುವಾಗ ಉಳಿಸಿದ ಹಣವನ್ನು ಬೆಸ್ಕಾಂ ಬಿಲ್ಲಿನಲ್ಲಿ ಕಟ್ಟುವುದು ಅಗ್ಗವಲ್ಲ.

ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಮಿತಿ 45 ಡೆಸಿಬೆಲ್. ಫ್ಯಾನನ್ನು ಗೋಡೆಗೆ ನೇರವಾಗಿ ಬಿಗಿಯದೆ ರಬ್ಬರ್ ತುಂಡಿನ ಮೇಲೆ ಕೂರಿಸಿದರೆ ನಡುಕ ಕೆಳಮನೆಗೆ ಇಳಿಯುವುದಿಲ್ಲ. ಒದ್ದೆ ಕೋಣೆಯ ಹತ್ತಿರ ಕರೆಂಟು ಇರುವುದರಿಂದ ಅರ್ಥಿಂಗ್ ಮತ್ತು ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಕಡ್ಡಾಯ. ನೀರಿನ ಎರಚಲು ತಾಳುವ ಐ.ಪಿ.ಎಕ್ಸ್.4 ಗುರುತು ಇರುವ ಫ್ಯಾನನ್ನೇ ಕೇಳಬೇಕು.

8. ಕೊಂಡ ಮೇಲಿನ ಪರೀಕ್ಷೆ

ಎರಡು ಪರೀಕ್ಷೆ ಸಾಕು, ಎರಡಕ್ಕೂ ಖರ್ಚು ಅಲ್ಪ. ಒಂದು, 200 ಲೀಟರಿನ ಪ್ಲಾಸ್ಟಿಕ್ ಚೀಲವನ್ನು ಮಡಚಿ ಪೈಪಿನ ಒಳಗಿನ ತುದಿಗೆ ಹಿಡಿಯಬೇಕು. ಗಂಟೆಗೆ 100 ಘನ ಮೀಟರ್ ಬರುತ್ತಿದ್ದರೆ ಅದು 7 ಸೆಕೆಂಡಿನಲ್ಲಿ ತುಂಬುತ್ತದೆ. 14 ಸೆಕೆಂಡ್ ಹಿಡಿದರೆ ಅರ್ಧ ಗಾಳಿ ದಾರಿಯಲ್ಲೇ ಹೋಯಿತು ಎಂದರ್ಥ. ಎರಡು, ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಅದರ ಒಂದು ತುದಿಯನ್ನು ಫಿಲ್ಟರ್ ಮತ್ತು ಫ್ಯಾನಿನ ನಡುವೆ ತೂತಿಗೆ ಸೇರಿಸಿ ಇನ್ನೊಂದನ್ನು ಹೊರಗೆ ಬಿಡಬೇಕು. ನೀರಿನ ಮಟ್ಟದಲ್ಲಿ 10 ಮಿ.ಮೀ. ವ್ಯತ್ಯಾಸ ಕಂಡರೆ ಫಿಲ್ಟರ್ ಒಂದೇ 100 ಪಾಸ್ಕಲ್ ತಿನ್ನುತ್ತಿದೆ. ಅದನ್ನು ತೊಳೆಯುವ ಅಥವಾ ಬದಲಿಸುವ ದಿನ ಬಂದಿದೆ. ಇಂಗಾಲದ ಡೈಆಕ್ಸೈಡ್ ಮೀಟರ್ ಕೊಳ್ಳುವವರು ಅವಗೆಂಪು ಬೆಳಕಿನಿಂದ ಅಳೆಯುವ ಎನ್.ಡಿ.ಐ.ಆರ್. ಸಂವೇದಕ ಇರುವುದನ್ನೇ ಕೊಳ್ಳಲಿ. ಬೇರೆ ಅನಿಲಗಳಿಂದ ಅಂದಾಜು ತೋರಿಸುವ ಅಗ್ಗದ ಮೀಟರ್ ಅಣಬೆ ಕೋಣೆಯಲ್ಲಿ ದಾರಿ ತಪ್ಪಿಸುತ್ತದೆ.

ತೀರ್ಮಾನ

50 ಚೀಲದ ಚಿಪ್ಪಣಬೆ ಕೋಣೆಗೆ 100 ಮಿ.ಮೀ. ಮಿಕ್ಸ್‌ಡ್ ಫ್ಲೋ ಫ್ಯಾನ್, 110 ಮಿ.ಮೀ. ಪಿ.ವಿ.ಸಿ. ಪೈಪು, ಅಗಲವಾದ ಫಿಲ್ಟರ್ ಪೆಟ್ಟಿಗೆ ಮತ್ತು ಒಂದು ಟೈಮರ್ ಸಾಕು. ಫ್ಯಾನ್ ಗಾಳಿಯನ್ನು ಒಳಕ್ಕೆ ನೂಕುವಂತಿರಲಿ. ಫ್ಯಾನ್ ಕೊಳ್ಳಲು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಿಗೆ ಹೋಗುವ ಮೊದಲು ಚೀಲ ಎಣಿಸಿ, ಪೈಪಿನ ದಾರಿ ಅಳೆದು, ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಣ ಕೊಡುವ ಮೊದಲು ಗೆರೆಚಿತ್ರದಲ್ಲಿ 100 ಪಾಸ್ಕಲ್ ಇರುವ ಜಾಗದ ಮೇಲೆ ಬೆರಳಿಟ್ಟು ನೋಡಿ.