ಒಂದೇ ಲೆಕ್ಕ, ಹಲವು ಬಗೆಯ ಕೈಗಳು

ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಬಯಲುಗಳಲ್ಲಿ ಮುಂಗಾರಿನ ನಾಟಿಯನ್ನು ನೋಡದ ವಿದ್ಯಾರ್ಥಿಗಳು ಕಡಿಮೆ. ಉಳುವವರು ಕೆಲವರು, ಅಗೆ ಕೀಳುವವರು ಕೆಲವರು, ನೆಡುವವರು ಹಲವರು. ಉಳುಮೆ ತಡವಾದರೆ ನೆಡುವವರು ಎಷ್ಟೇ ಜನರಿದ್ದರೂ ಗದ್ದೆಯಂಚಿನಲ್ಲಿ ಕಾಯಬೇಕು. ಒಂದು ದೊಡ್ಡ ಲೆಕ್ಕವನ್ನು ಭಾಗಮಾಡಿ ಹಲವು ಪ್ರೊಸೆಸರುಗಳಿಗೆ ಏಕಕಾಲದಲ್ಲಿ ಒಪ್ಪಿಸುವ 'ಸಮಾಂತರ ಗಣನೆ'ಯ ಮರ್ಮವೂ ಇದೇ.

ಕರ್ನಾಟಕದಲ್ಲಿ ಈ ವಿದ್ಯೆಯ ಮೊದಲ ಮುಖ್ಯ ಘಟ್ಟ 1986. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕಹಾಕಲು ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯಕ್ಕೆ ವೇಗದ ಗಣಕಯಂತ್ರ ಬೇಕಿತ್ತು. ವಿದೇಶಿ ಸೂಪರ್ ಕಂಪ್ಯೂಟರುಗಳು ದುಬಾರಿ. ಅವನ್ನು ಕೊಡಲು ಅಮೆರಿಕೆಯೂ ಹಿಂಜರಿಯುತ್ತಿತ್ತು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಆ ಕಾಲದಲ್ಲಿ ಯು. ಎನ್. ಸಿನ್ಹಾ ಮತ್ತು ಸಂಗಡಿಗರು 'ಫ್ಲೋಸಾಲ್ವರ್' ಎಂಬ ಯಂತ್ರವನ್ನು ಕಟ್ಟಿದರು. ಅದರಲ್ಲಿ 8086 ಪ್ರೊಸೆಸರಿನ ಜೊತೆಗೆ 8087 ಎಂಬ ಸಹಾಯಕ ಚಿಪ್ ದುಡಿಯುತ್ತಿತ್ತು. ಒಂದು ಆಜ್ಞೆಗಳನ್ನು ನಡೆಸಿದರೆ, ಇನ್ನೊಂದು ದಶಮಾಂಶದ ಲೆಕ್ಕಗಳನ್ನು ಮಾಡುತ್ತಿತ್ತು. ಬೇರೆ ಬೇರೆ ಬಗೆಯ ಕೈಗಳ ದುಡಿಮೆ ಅಲ್ಲೇ ಕಾಣುತ್ತದೆ.

ಮುಂದೆ ಇದೇ ಸರಣಿಯ ಯಂತ್ರಗಳು ಹವಾಮಾನದ ಲೆಕ್ಕಕ್ಕೂ ಬಳಕೆಯಾದವು. ಇಲ್ಲಿ ವೇಗವೇ ಪ್ರಾಣ. ನಾಳೆಯ ಗಾಳಿಮಳೆಯ ಲೆಕ್ಕ ನಾಡಿದ್ದು ಮುಗಿದರೆ ಗಂಗೊಳ್ಳಿಯ ದೋಣಿಗಳಿಗೆ ಏನು ಪ್ರಯೋಜನ?

2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ 'ಸಹಸ್ರ-ಟಿ'ಯಲ್ಲಿ 33,000ಕ್ಕೂ ಹೆಚ್ಚು ಸಾಮಾನ್ಯ ಕೋರ್‌ಗಳ ಜೊತೆಗೆ, ಚಿತ್ರ ಮೂಡಿಸಲೆಂದು ಹುಟ್ಟಿದ ಗ್ರಾಫಿಕ್ಸ್ ಪ್ರೊಸೆಸರುಗಳೂ ಇದ್ದವು. ಒಂದೇ ಬಗೆಯ ಲೆಕ್ಕವನ್ನು ಸಾವಿರಾರು ಸಂಖ್ಯೆಗಳ ಮೇಲೆ ಒಟ್ಟಿಗೆ ನಡೆಸುವುದರಲ್ಲಿ ಇವು ನಿಪುಣ. 2022ರಲ್ಲಿ ಅಲ್ಲೇ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಲ್ಲಿಯೂ ಇದೇ ಮಿಶ್ರಣ. 2011ರಲ್ಲಿ ಎ.ಆರ್.ಎಂ. ಕಂಪನಿಯು ವೇಗದ ದೊಡ್ಡ ಕೋರ್ ಮತ್ತು ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸುವ ವಿನ್ಯಾಸವನ್ನು ಪ್ರಕಟಿಸಿತು. ಹೀಗೆ ಮಿಶ್ರ ಕೋರ್‌ಗಳು ಮೊಬೈಲ್ ಫೋನಿಗೂ ಬಂದವು.

ಆದರೆ ಯಂತ್ರವಿದ್ದ ಮಾತ್ರಕ್ಕೆ ವೇಗ ಬಾರದು. ಎಲ್ಲ ಕೋರ್‌ಗಳಿಗೂ ಸಮಪಾಲು ಹಂಚಿದರೆ ದೊಡ್ಡದು ಬೇಗ ಮುಗಿಸಿ, ಸಣ್ಣದಕ್ಕಾಗಿ ಸುಮ್ಮನೆ ಕಾಯುತ್ತದೆ. ಅದಕ್ಕೆಂದೇ ಕೆಲಸವನ್ನು ಸಣ್ಣ ಸಣ್ಣ ತುಂಡುಮಾಡಿ, ಮುಗಿಸಿದ ಕೋರ್ ಮುಂದಿನ ತುಂಡನ್ನು ಎತ್ತಿಕೊಳ್ಳುವಂತೆ ಪ್ರೋಗ್ರಾಂ ಬರೆಯುತ್ತಾರೆ. ಇದಕ್ಕೂ ಮಿತಿಯಿದೆ. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದದಂತೆ, ಕೆಲಸದ ಹತ್ತನೆಯ ಒಂದು ಪಾಲು ಹಂಚಲಾಗದಂಥದಾದರೆ, ಎಷ್ಟೇ ಪ್ರೊಸೆಸರು ಸೇರಿಸಿದರೂ ವೇಗ ಹತ್ತು ಪಟ್ಟು ಮೀರದು.

ಯಂತ್ರವನ್ನು ಹಣಕೊಟ್ಟು ತರಬಹುದು. ಯಾವ ಕೆಲಸ ಯಾವ ಕೈಗೆ ಎಂದು ಹಂಚುವ ಜಾಣ್ಮೆಯನ್ನು ಮಾತ್ರ ನಾವೇ ಕಲಿಯಬೇಕು.