ತೋಟಾ ತುಂಬುವ ಯಂತ್ರ ಸೂಟ್‌ಕೇಸ್‌ನಲ್ಲಿ ಬಂದರೆ? 1878ರ ಒಂದು ಸಾಲಿನ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಂದು ಕಬ್ಬಿಣದ ಯಂತ್ರದ ಬಗ್ಗೆ.

ನಮ್ಮ ಅಜ್ಜಿಯಂದಿರು ಶಾವಿಗೆ ಒತ್ತುತ್ತಿದ್ದ ಒರಳು ನೆನಪಿದೆಯಾ? ಉದ್ದನೆ ಹಿಡಿ, ಕೆಳಗೆ ಅಚ್ಚು. ಹಿಡಿ ಒತ್ತಿದರೆ ಅಚ್ಚಿನಿಂದ ಶಾವಿಗೆ ಇಳೀತಿತ್ತು. ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚೂಕಮ್ಮಿ ಅದೇ ಥರದ ಒಂದು ಯಂತ್ರ ಸಿಗುತ್ತೆ. ಹೆಸರು ರೀಲೋಡಿಂಗ್ ಪ್ರೆಸ್. ಒಮ್ಮೆ ಹೊಡೆದು ಖಾಲಿಯಾದ ತೋಟಾವನ್ನು ಮತ್ತೆ ತುಂಬಿ ಬಳಕೆಗೆ ಬರುವಂತೆ ಮಾಡುವ ಸಲಕರಣೆ ಇದು. ಅದರೊಳಗೆ ಒಂದು ಚಿಟಿಕೆ ಮದ್ದೂ ಇರಲ್ಲ. ಬರೀ ಕಬ್ಬಿಣ. ಬಂದೂಕು ಕೊಳ್ಳುವಾಗ ಅಲ್ಲಿ ನಡೆಯುವ ಹಿನ್ನೆಲೆ ತಪಾಸಣೆ ಇದಕ್ಕಿಲ್ಲ. ದುಡ್ಡು ಕೊಟ್ಟರೆ ಸಾಕು.

ಈಗ ಅದನ್ನ ಸೂಟ್‌ಕೇಸಲ್ಲಿಟ್ಟು ವಿಮಾನ ಹತ್ತಿ ಭಾರತಕ್ಕೆ ತಂದರೆ? ನಮ್ಮ ಕಾನೂನಿನ ಕಣ್ಣಿಗೆ ಅದು ಬರೀ ಕಬ್ಬಿಣ ಅಲ್ಲ, 'ಮದ್ದುಗುಂಡು'. ಹೌದು, ಯಂತ್ರವೇ ಮದ್ದುಗುಂಡು. ಈ ವಿಚಿತ್ರ ಎಲ್ಲಿಂದ ಬಂತು ಅಂತ ಹುಡುಕಿದರೆ 1878ಕ್ಕೆ, ಅಲ್ಲಿಂದ ಇನ್ನೂ ಹಿಂದೆ ನಮ್ಮದೇ ಹಲಗಲಿಗೆ ಹೋಗಿ ನಿಲ್ಲುತ್ತೇವೆ.

ಕೇಪಿನ ಕೋವಿಯಿಂದ ತೋಟಾ ಕೋವಿಗೆ

ಮೊದಲು ಯಂತ್ರ ಯಾಕೆ ಬೇಕಾಯಿತು ಅಂತ ನೋಡೋಣ.

ಮಲೆನಾಡಿನವರಿಗೆ, ಕೊಡಗಿನವರಿಗೆ ಕೇಪಿನ ಕೋವಿ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಗಿಡಿದು, ಚರೆ ಹಾಕಿ, ಹಿಂದೆ ಕೇಪು ಇಟ್ಟು ಈಡು ಹೊಡೆಯುವ ಕೋವಿ. ಅಂದ್ರೆ ಪ್ರತಿ ಈಡನ್ನೂ ಹೊಡೆಯುವವನೇ ತಯಾರಿಸಿಕೊಳ್ಳುತ್ತಿದ್ದ. ಕಾರ್ಖಾನೆಯ ಹಂಗು ಕಡಿಮೆ.

19ನೇ ಶತಮಾನದ ದ್ವಿತೀಯಾರ್ಧದಲ್ಲಿ ಇದು ಬದಲಾಯಿತು. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಹಿತ್ತಾಳೆ ಕೊಳವೆಯಲ್ಲಿ ಸೇರಿಸಿದ ತೋಟಾ ಬಂತು. ಹಿಂದಿನಿಂದ ತೂರಿಸಿ, ಕುದುರೆ ಎಳೆದರೆ ಮುಗೀತು. ಸುಲಭವೇನೋ ಆಯಿತು. ಆದರೆ ಹೊಡೆಯುವವನ ಕೈಯಲ್ಲಿದ್ದ ಕೆಲಸ ಕಾರ್ಖಾನೆಗೆ ಹೋಯಿತು. ಕಾರ್ಖಾನೆ ಯಾರ ಹಿಡಿತದಲ್ಲಿದೆಯೋ ಬಂದೂಕಿನ ಹೊಟ್ಟೆಯೂ ಅವರ ಹಿಡಿತದಲ್ಲಿ.

ಆದರೆ ಈಡು ಹೊಡೆದ ಮೇಲೂ ಹಿತ್ತಾಳೆ ಕೊಳವೆ ಹಾಳಾಗಲ್ಲ. ಸ್ವಲ್ಪ ಉಬ್ಬಿರುತ್ತೆ, ಕೇಪು ಸುಟ್ಟಿರುತ್ತೆ, ಅಷ್ಟೇ. ಹಳೆ ಕೇಪನ್ನು ತೆಗೆದು, ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಸೇರಿಸಿದರೆ ಮತ್ತೆ ತೋಟಾ ಸಿದ್ಧ. ಇದೇ ರೀಲೋಡಿಂಗ್. ಅಂದ್ರೆ ಕೇಪಿನ ಕೋವಿಯ ಕಾಲದ ಸ್ವಾವಲಂಬನೆ ಹಿಂಬಾಗಿಲಿಂದ ವಾಪಸ್ ಬಂತು.

ಇದರಲ್ಲೊಂದು ತಮಾಷೆ ಇದೆ. ಇವತ್ತಿಗೂ ಬಳಕೆಯಲ್ಲಿರುವ ಎರಡು ಮುಖ್ಯ ಬಗೆಯ ಕೇಪುಗಳು ಹೆಚ್ಚೂಕಮ್ಮಿ ಒಂದೇ ಹೊತ್ತಿಗೆ, 1866ರ ಸುಮಾರಿಗೆ ಬಂದವು. ಒಂದು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್ ಅವರದ್ದು, ಇನ್ನೊಂದು ಅಮೆರಿಕದ ಹೈರಮ್ ಬರ್ಡಾನ್ ಅವರದ್ದು. ಬಾಕ್ಸರ್ ಮಾದರಿಯ ತೋಟಾದ ತಳದಲ್ಲಿ ನಡುವೆ ಒಂದೇ ತೂತು. ಒಂದು ಕಡ್ಡಿ ತೂರಿಸಿ ತಳ್ಳಿದರೆ ಹಳೆ ಕೇಪು ಉದುರುತ್ತೆ. ಬರ್ಡಾನ್ ಮಾದರಿಯಲ್ಲಿ ಎರಡು ಪುಟ್ಟ ತೂತು, ತೆಗೆಯೋದು ತಲೆನೋವು. ಇಂಗ್ಲಿಷರ ಬಾಕ್ಸರ್ ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವರ ಬರ್ಡಾನ್ ಯುರೋಪಿನಲ್ಲಿ. ಅಮೆರಿಕದಲ್ಲಿ ಮನೆಮನೆಯ ರೀಲೋಡಿಂಗ್ ಬೆಳೆಯಲು ಈ ಒಂಟಿ ತೂತೂ ಒಂದು ಕಾರಣ.

1884ರಲ್ಲಿ ಜಾನ್ ಬಾರ್ಲೋ ಎಂಬವರು ಅಮೆರಿಕದ ಕನೆಕ್ಟಿಕಟ್‌ನಲ್ಲಿ 'ಐಡಿಯಲ್' ಹೆಸರಿನ ಕೈ ಉಪಕರಣಗಳ ಕಂಪನಿ ಶುರುಮಾಡಿದರು. ನೋಡೋಕೆ ದೊಡ್ಡ ಇಕ್ಕಳದ ಥರ, ಜೇಬಲ್ಲಿಟ್ಟುಕೊಂಡು ಹೋಗಬಹುದು. 1943ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್‌ಸಿಬಿಎಸ್, 1949ರಲ್ಲಿ ನೆಬ್ರಾಸ್ಕಾದಲ್ಲಿ ಹಾರ್ನಡಿ, 1958ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಲೀ. ಬಹುತೇಕ ಎಲ್ಲವೂ ಮನೆಯ ಪಕ್ಕದ ವರ್ಕ್‌ಶಾಪ್ ಮಟ್ಟದಲ್ಲಿ ಹುಟ್ಟಿದ ಕಂಪನಿಗಳು. ಇವತ್ತು ಪ್ರಪಂಚದ ಎಲ್ಲೆಡೆಯ ಶೂಟರ್‌ಗಳು ಹುಡುಕಿಕೊಂಡು ಹೋಗುವ ಬ್ರ್ಯಾಂಡ್‌ಗಳು ಇವೇ.

ಹಲಗಲಿ, ಕೊಡಗು, ಕಲ್ಕತ್ತ

ಈಗ ನಮ್ಮ ಕಡೆ ಬರೋಣ. ಶಾಲೆಯಲ್ಲಿ ಹಲಗಲಿಯ ಬೇಡರ ಲಾವಣಿ ಓದಿದವರು ಕೈ ಎತ್ತಿ. 1857ರ ದಂಗೆ ಶುರುವಾಗಿದ್ದೇ ತೋಟಾದ ವಿಷಯಕ್ಕೆ, ಕೊಬ್ಬು ಸವರಿದ ಕಾಗದದ ತೋಟಾ. ಆ ವರ್ಷವೇ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯಲು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂದರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಲಾಯಿತು.

ನಾಲ್ಕು ವರ್ಷದ ನಂತರ, 1861ರಲ್ಲಿ, ಅದೇ ಬ್ರಿಟಿಷ್ ಆಡಳಿತದ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಘೋಷಿಸಿದರು. ಹೌದು, ನಮ್ಮ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರೇ. ಒಂದೇ ಕಾನೂನು, ಒಂದು ಊರಿಗೆ ಬೆಂಕಿ, ಇನ್ನೊಂದು ನಾಡಿಗೆ ಬಹುಮಾನ. ಆಯುಧ ಯಾರ ಕೈಲಿರಬೇಕು ಅನ್ನೋದನ್ನ ನಿರ್ಧರಿಸುತ್ತಿದ್ದುದು ನಿಷ್ಠೆಯ ಲೆಕ್ಕಾಚಾರ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಇಡೀ ದೇಶಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಇದು ನಮಗೆ ಪಠ್ಯಪುಸ್ತಕದಲ್ಲಿ ಸಿಗುವ ಭಾಗ. ಸಿಗದೇ ಇರುವ ಭಾಗ ಆ ಕಾಯ್ದೆಯ ಪದವಿವರಣೆಯಲ್ಲಿದೆ. 'ಮದ್ದುಗುಂಡು' ಅಂದರೆ ಏನೇನು ಅಂತ ಅಲ್ಲಿ ಪಟ್ಟಿ ಮಾಡಿದ್ದಾರೆ: ರಾಕೆಟ್, ಡೈನಮೈಟ್, ಕೇಪು, ಬತ್ತಿ, ಮದ್ದುಗುಂಡಿನ ಎಲ್ಲ ಬಿಡಿಭಾಗಗಳು, ಜೊತೆಗೆ ಮದ್ದುಗುಂಡು ತಯಾರಿಸುವ ಎಲ್ಲ ಯಂತ್ರಗಳು. ಆದರೆ ಸೀಸ, ಗಂಧಕ, ಪೆಟ್ಲುಪ್ಪು ಇದರಲ್ಲಿ ಸೇರಲ್ಲ ಅಂತಲೂ ಬರೆದರು.

ಗಮನಿಸಿದ್ರಾ? ಗಂಧಕ, ಪೆಟ್ಲುಪ್ಪು ಅಂದರೆ ಕರಿಮದ್ದಿನ ಕಚ್ಚಾವಸ್ತು. ಅದು ಮದ್ದುಗುಂಡಲ್ಲ. ಮದ್ದಿನ ವಾಸನೆಯೂ ಇಲ್ಲದ ಕಬ್ಬಿಣದ ಯಂತ್ರ ಮಾತ್ರ ಮದ್ದುಗುಂಡು! ಕಾರಣ ಊಹಿಸೋದು ಕಷ್ಟವಲ್ಲ. ಪೆಟ್ಲುಪ್ಪು ಬಿಹಾರದಿಂದ ಹಡಗು ಹಡಗು ರಫ್ತಾಗುತ್ತಿದ್ದ ವ್ಯಾಪಾರದ ಸರಕು. ಅದನ್ನು ಮುಟ್ಟಿದರೆ ಬ್ರಿಟಿಷರದೇ ಜೇಬಿಗೆ ಕತ್ತರಿ. ಯಂತ್ರ ಹಾಗಲ್ಲ. ಅದೊಂದು ಕೈಗೆ ಸಿಕ್ಕರೆ ಸರ್ಕಾರಿ ಕಾರ್ಖಾನೆಯ ಮುಂದೆ ಕೈ ಚಾಚುವ ಅಗತ್ಯ ಕಡಿಮೆಯಾಗುತ್ತೆ.

ಒಂದು ಅಳತೆಗೆ ಬಿದ್ದ ನಿಷೇಧ

ಈ ಭಯ ಎಷ್ಟಿತ್ತು ಅನ್ನೋದಕ್ಕೆ ಒಂದು ಉದಾಹರಣೆ. 19ನೇ ಶತಮಾನದ ಕೊನೆಗೆ ವಾಯವ್ಯ ಗಡಿಯಲ್ಲಿ ಪಠಾಣ ಬುಡಕಟ್ಟುಗಳ ಜೊತೆ ಬ್ರಿಟಿಷರ ಕಾಳಗ ನಿಲ್ಲಲೇ ಇಲ್ಲ. ಮಸ್ಕತ್‌ನಿಂದ ಪರ್ಷಿಯನ್ ಕೊಲ್ಲಿ ದಾಟಿ ಬಂದೂಕುಗಳ ಕಳ್ಳಸಾಗಣೆ ನಡೆಯುತ್ತಿತ್ತು. ಕೋಹಾಟ್ ದಾರಿಯ ದರ್ರಾ ಆದಮ್ ಖೇಲ್‌ನಲ್ಲಿ ಕಮ್ಮಾರರೇ ಬಂದೂಕು ತಯಾರಿಸುತ್ತಿದ್ದರು. ಬ್ರಿಟಿಷ್ ಸೈನ್ಯ ಹಿಂದೆ ಬಳಸಿದ್ದ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಆ ಕಡೆ ಬಹಳ ಇದ್ದವು. ಅದರ ಗುಂಡಿನ ಅಳತೆ .450.

ಇದೇ ಅಳತೆಯ ತೋಟಾಗಳನ್ನು ಹುಲಿ, ಆನೆ ಬೇಟೆಯಾಡುವ ಸಾಹೇಬರೂ, ರಾಜರೂ ಲಂಡನ್ನಿನಿಂದ ತರಿಸುತ್ತಿದ್ದರು. ಆ ಗುಂಡನ್ನು ಬಿಚ್ಚಿ ಮಾರ್ಟಿನಿಯ ಖಾಲಿ ತೋಟಾಗೆ ಯಾರಾದರೂ ತುಂಬಿಕೊಂಡರೆ? ಈ ಒಂದು ಅನುಮಾನಕ್ಕೆ 1907ರ ಹೊತ್ತಿಗೆ ಭಾರತಕ್ಕೆ .450 ಅಳತೆಯ ಬೇಟೆ ರೈಫಲ್, ತೋಟಾಗಳ ಆಮದನ್ನೇ ನಿಷೇಧಿಸಲಾಯಿತು. ಲಂಡನ್ನಿನ ಬಂದೂಕು ಕಂಪನಿಗಳು ತಲೆ ಕೆಡಿಸಿಕೊಂಡು .465, .470, .475 ಅಂತ ಹೊಸ ಹೊಸ ಅಳತೆ ಸೃಷ್ಟಿಸಿದವು. ಇವತ್ತು ಆಫ್ರಿಕಾದ ಬೇಟೆಗಾರರು ಹೆಮ್ಮೆಯಿಂದ ಹೇಳಿಕೊಳ್ಳುವ .470 ರೈಫಲ್ ಚಾಲ್ತಿಗೆ ಬರಲು ಈ ನಿಷೇಧವೇ ದೊಡ್ಡ ಕಾರಣ. ರೀಲೋಡಿಂಗ್‌ನ ಭಯ ಬಂದೂಕುಗಳ ಇತಿಹಾಸವನ್ನೇ ತಿರುಗಿಸಿದ್ದು ಹೀಗೆ.

ಸ್ವತಂತ್ರ ಭಾರತ ಏನು ಮಾಡಿತು?

ಸ್ವಾತಂತ್ರ್ಯ ಹೋರಾಟಗಾರರಿಗೆ 1878ರ ಕಾಯ್ದೆ ಅವಮಾನದ ಗುರುತು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕು ಅಂತ ನಿರ್ಣಯ ಮಾಡಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನು ಸೇರಿಸಿ ಎಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ ಅನ್ನೋದನ್ನ ನಾವು ಮರೆಯಬಾರದು. ತಿದ್ದುಪಡಿ ಬಿದ್ದುಹೋಯಿತು.

1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ಹಳೆಯದು ಜನರನ್ನು ನಿಶ್ಶಸ್ತ್ರಗೊಳಿಸಲು ಮಾಡಿದ್ದು, ಹೊಸದು ಪ್ರಜೆಗಳ ಮೇಲೆ ಅಷ್ಟು ಬಿಗಿಯಲ್ಲ ಅನ್ನುವುದು ಅದರ ಉದ್ದೇಶ. ಆದರೆ ಪದವಿವರಣೆ ತೆರೆದು ನೋಡಿ. ಸೆಕ್ಷನ್ 2ರಲ್ಲಿ 'ಮದ್ದುಗುಂಡು' ಅಂದರೆ ಮದ್ದುಗುಂಡಿನ ಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಸೇರಿ ಎಂಬ ಸಾಲು ಹಾಗೇ ಉಳಿದುಕೊಂಡಿದೆ. ಲಿಟ್ಟನ್ ಹೋದರು, ಸಾಲು ಹೋಗಲಿಲ್ಲ.

ಅದೇ ಕಾಯ್ದೆಯ ಸೆಕ್ಷನ್ 10 ಹೇಳುವುದೇನು? ಸಮುದ್ರ, ನೆಲ, ಆಕಾಶ ಯಾವ ಮಾರ್ಗದಲ್ಲೇ ಆಗಲಿ, ಆಯುಧ ಅಥವಾ ಮದ್ದುಗುಂಡನ್ನು ಲೈಸೆನ್ಸ್ ಇಲ್ಲದೆ ದೇಶದೊಳಗೆ ತರುವಂತಿಲ್ಲ. ಅದನ್ನು ಇಟ್ಟುಕೊಳ್ಳಲು ಕಾನೂನಿನ ಅರ್ಹತೆ ಇರುವವರು ಸ್ವಂತ ಬಳಕೆಗೆ 'ಸಮಂಜಸ ಪ್ರಮಾಣ'ದಲ್ಲಿ ತರಬಹುದು ಎಂಬ ವಿನಾಯಿತಿ ಇದೆ. ಪ್ರಮಾಣದ ಬಗ್ಗೆ ಅನುಮಾನ ಬಂದರೆ ಕಸ್ಟಮ್ಸ್ ಅಧಿಕಾರಿ ತಡೆಹಿಡಿದು ಕೇಂದ್ರದ ಆದೇಶಕ್ಕೆ ಕಾಯಬಹುದು. ಐವತ್ತು ತೋಟಾ ಸಮಂಜಸವೋ ನೂರೋ ಅಂತ ಲೆಕ್ಕ ಹಾಕಬಹುದು. ಆದರೆ ಸಾವಿರಾರು ತೋಟಾ ತುಂಬಬಲ್ಲ ಒಂದು ಯಂತ್ರದ 'ಸಮಂಜಸ ಪ್ರಮಾಣ' ಎಷ್ಟು? ಅದೂ ಅಲ್ಲದೆ ಮದ್ದುಗುಂಡು ತಯಾರಿಸೋಕೆ ಸೆಕ್ಷನ್ 5ರ ಅಡಿ ಬೇರೆಯದೇ ಲೈಸೆನ್ಸ್ ಬೇಕು. ಮನೆಯಲ್ಲಿ ಬಂದೂಕಿನ ಲೈಸೆನ್ಸ್ ಇದೆ, ಸಾಕು ಅನ್ನೋ ಹಾಗಿಲ್ಲ.

ಕೊಡವರ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಹೊತ್ತೊಯ್ಯಲು. ವಿದೇಶದಿಂದ ತೋಟಾ ಯಂತ್ರ ತರೋದಕ್ಕೆ ಅಲ್ಲ.

ವಿಮಾನಕ್ಕೆ ಬೇರೆ ಭಯ

ಈಗ ಇನ್ನೊಂದು ಮಗ್ಗುಲು. ವಿಮಾನಯಾನದ ಅಂತರರಾಷ್ಟ್ರೀಯ ನಿಯಮಗಳು ಈ ಸಾಮಾನನ್ನು ತದ್ವಿರುದ್ಧವಾಗಿ ನೋಡುತ್ತವೆ. ಬರೀ ಕಬ್ಬಿಣದ ಪ್ರೆಸ್, ಅಚ್ಚು, ತಕ್ಕಡಿ ಅವುಗಳ ಲೆಕ್ಕದಲ್ಲಿ ಅಪಾಯಕಾರಿ ವಸ್ತುವೇ ಅಲ್ಲ. ಸಿದ್ಧ ತೋಟಾಗಳನ್ನೂ ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು, ಸರಿಯಾಗಿ ಪ್ಯಾಕ್ ಮಾಡಿ, ಚೆಕ್-ಇನ್ ಬ್ಯಾಗಿನಲ್ಲಿ ಒಬ್ಬರಿಗೆ 5 ಕಿಲೋವರೆಗೆ ಒಯ್ಯಬಹುದು. ಆದರೆ ಬಿಡಿ ಮದ್ದು, ಬಿಡಿ ಕೇಪು ಯಾವ ಬ್ಯಾಗಿನಲ್ಲೂ ಇಡುವಂತಿಲ್ಲ. ಅವು ಹೊತ್ತಿಕೊಂಡರೆ ಆಕಾಶದಲ್ಲಿ ಓಡಿಹೋಗಲು ಜಾಗ ಇಲ್ಲ, ಅಷ್ಟೇ ಸರಳ.

ಅಂದ್ರೆ ವಿಮಾನ ಬೇಡ ಅನ್ನೋದು ಮದ್ದನ್ನ, ಕಾಯ್ದೆ ಅನುಮಾನಿಸೋದು ಯಂತ್ರವನ್ನೂ. ವಿಮಾನಕ್ಕೆ ಬೆಂಕಿಯ ಭಯ, ಸರ್ಕಾರಕ್ಕೆ ಸ್ವಾವಲಂಬನೆಯ ಭಯ. ಇವೆರಡರ ನಡುವಿನ ಸಂದಿಯಲ್ಲಿ ಸಿಕ್ಕಿಬೀಳೋದು ಪ್ರಯಾಣಿಕ. ಅಲ್ಲಿಯ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಸಲೀಸಾಗಿ ಸ್ಕ್ಯಾನರ್ ದಾಟಿತು ಅಂತ ಇಲ್ಲಿ ಗ್ರೀನ್ ಚಾನೆಲ್‌ನಲ್ಲಿ ನಡೆದರೆ ಕೇಸು ಬೀಳಬಹುದು. ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲೂ ಈ ಸಲಕರಣೆಗೆ ಒಂದು ಸಾಲಿದೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಅಂಗಡಿಯಲ್ಲಿ ಕೊಳ್ಳೋದು ಒಂದು, ದೇಶದ ಗಡಿ ದಾಟಿಸೋದು ಇನ್ನೊಂದು.

ಹಾಗಾದ್ರೆ ಯಾರಿಗೆ ಇದು ಬೇಕು? 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಮಾತಿಲ್ಲ. ಬೇಕಾಗಿರೋದು ಮುಖ್ಯವಾಗಿ ಸ್ಪರ್ಧೆಯ ಶೂಟರ್‌ಗಳಿಗೆ. ತಮ್ಮ ರೈಫಲ್‌ಗೆ ಹೊಂದುವ ಹಾಗೆ ಒಂದೇ ಅಳತೆಯ ತೋಟಾ ಮಾಡಿಕೊಂಡರೆ ಗುರಿ ಬಿಗಿಯಾಗುತ್ತೆ. ಇನ್ನು ಹಳೆ ಬಂದೂಕು ಇಟ್ಟುಕೊಂಡವರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ನೆನಪಿಸಿಕೊಳ್ಳಿ. ಆ ತೋಟಾವನ್ನು ಕಾರ್ಖಾನೆಗಳು ದಶಕಗಳ ಕಾಲ ಕೈಬಿಟ್ಟಿದ್ದವು. ಅಂಥ ರೈಫಲ್ ಇದ್ದವರಿಗೆ ರೀಲೋಡಿಂಗ್ ಬಿಟ್ಟರೆ ದಾರಿ ಇರಲಿಲ್ಲ.

ನನ್ನ ಮಾತು ಇಷ್ಟೇ. ತೋಟಾ ಎಲ್ಲಿ ತಯಾರಾಗುತ್ತೆ ಅಂತ ಸರ್ಕಾರಕ್ಕೆ ಗೊತ್ತಿರಬೇಕು ಅನ್ನೋದು ನ್ಯಾಯವೇ. ನಾಡಬಂದೂಕಿನ ಕೊಲೆಗಳ ಸುದ್ದಿ ಓದುವ ಯಾರೂ ಅದನ್ನ ಅಲ್ಲಗಳೆಯಲ್ಲ. ಆದರೆ ಆಳುವವರು ಆಳಿಸಿಕೊಳ್ಳುವವರಿಗೆ ಹೆದರಿ ಬರೆದ ಸಾಲನ್ನೇ ಸ್ವತಂತ್ರ ದೇಶ ಇಟ್ಟುಕೊಳ್ಳುವಾಗ, ಒಂದು ಒತ್ತು ಯಂತ್ರ ಬೇಕಾದ ಕ್ರೀಡಾಪಟು ಯಾರನ್ನ ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು ಅಂತ ಸ್ಪಷ್ಟವಾಗಿ ಬರೆಯೋದೂ ಅದರ ಕೆಲಸ. ಅದಾಗುವವರೆಗೆ, ವಿದೇಶದಲ್ಲಿರುವ ಅಣ್ಣನಿಗೋ ಗೆಳೆಯನಿಗೋ 'ಬರುವಾಗ ಅದೊಂದು ತಗೊಂಡ್ ಬಾ' ಅಂತ ಮೆಸೇಜ್ ಹಾಕುವ ಮುಂಚೆ ಕೈಯಲ್ಲಿ ಲಿಖಿತ ಅನುಮತಿ ಇರಲಿ. ಯಾಕಂದ್ರೆ ಸಿಕ್ಕಿಬೀಳೋದು ಮೆಸೇಜ್ ಹಾಕಿದವರಲ್ಲ, ಬ್ಯಾಗ್ ಹೊತ್ತವರು.

ಈ ಸಂಚಿಕೆ ಹೇಗನ್ನಿಸಿತು, ಹೇಳಿ. ನಿಮ್ಮೂರ ಕೋವಿಗಳ ಕತೆ ಇದ್ದರೆ ಅದನ್ನೂ ಬರೆಯಿರಿ.